ಆರ್. ಕೆ. ಜೋಶಿ

ರಘುನಾಥ ಕೃಷ್ಣ ಜೋಶಿ (1936–2008) ಭಾರತದ ಪ್ರಮುಖ ಅಕ್ಷರ ವಿನ್ಯಾಸಕರಲ್ಲೊಬ್ಬರು ಹಾಗೂ ಗ್ರಾಫಿಕ್ ವಿನ್ಯಾಸದ ಪ್ರಾಧ್ಯಾಪಕರು. ವಿಂಡೋಸ್ ಗಣಕಗಳಲ್ಲಿ ಬಳಕೆಯಾದ 'ತುಂಗಾ' ಎಂಬ ಕನ್ನಡ ಫಾಂಟ್ ಇವರ ನಿರ್ದೇಶನದಲ್ಲಿ ರೂಪುಗೊಂಡಿತು.

ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಜೋಶಿ, ಉಲ್ಕಾ ಜಾಹೀರಾತು ಸಂಸ್ಥೆಯಲ್ಲಿ ದೀರ್ಘಕಾಲ ಕಲಾ ನಿರ್ದೇಶಕರಾಗಿದ್ದರು. 1983ರಲ್ಲಿ ಐಐಟಿ ಬಾಂಬೆಯ ಕೈಗಾರಿಕಾ ವಿನ್ಯಾಸ ಕೇಂದ್ರವನ್ನು ಸೇರಿ, 1996ರವರೆಗೆ ಬೋಧಿಸಿದರು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಲಿಪಿಯಾಗಿ ಇವರು ಕಲ್ಪಿಸಿದ 'ದೇಶನಾಗರಿ' ಬಳಕೆಗೆ ಬರಲಿಲ್ಲ. 2008ರ ಫೆಬ್ರುವರಿಯಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ನಿಧನರಾದರು.

ತುಂಗಾ ಫಾಂಟ್

ನಿವೃತ್ತಿಯ ನಂತರ ಜೋಶಿಯವರು ವಿನಯ್ ಸಾಯ್ನೇಕರ್ ಅವರೊಡನೆ ಮೈಕ್ರೋಸಾಫ್ಟ್‌ಗಾಗಿ ಮಂಗಲ್ (ದೇವನಾಗರಿ), ಲತಾ (ತಮಿಳು), ತುಂಗಾ ಮೊದಲಾದ ಫಾಂಟ್‌ಗಳನ್ನು ಸಿದ್ಧಪಡಿಸಿದರು. ಕನ್ನಡದಲ್ಲಿ ಈ ಕೆಲಸ ಕೇವಲ ಅಕ್ಷರ ಬಿಡಿಸುವುದಲ್ಲ. 'ಸ್ತ್ರೀ' ಎಂಬ ಒಂದು ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲು. ಉಚ್ಚಾರಣೆಯಲ್ಲಿ ಕೊನೆಗೆ ಬರುವ ಈಕಾರ ಬರಹದಲ್ಲಿ ಮೊದಲಿನ ಸಕಾರವನ್ನು ಸೇರುತ್ತದೆ, ತಕಾರ ರಕಾರಗಳು ಒತ್ತಕ್ಷರಗಳಾಗುತ್ತವೆ. ಈ ಜೋಡಣೆಯ ನಿಯಮಗಳು ಫಾಂಟ್‌ನೊಳಗೇ ಅಡಕವಾಗಿರಬೇಕು. ಅದುವರೆಗೆ ಪ್ರತಿಯೊಂದು ತಂತ್ರಾಂಶವೂ ತನ್ನದೇ ಸಂಕೇತಗಳನ್ನು ಬಳಸುತ್ತಿದ್ದುದರಿಂದ, ಒಂದರಲ್ಲಿ ಬೆರಳಚ್ಚಿಸಿದ ಕಡತ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಅಂದದ ದೃಷ್ಟಿಯಿಂದ ತುಂಗಾವನ್ನು ಮೀರಿಸಿದ ಫಾಂಟ್‌ಗಳು ಈಗ ಹಲವಿವೆ. ಆದರೆ 2001ರ ವಿಂಡೋಸ್ ಎಕ್ಸ್‌ಪಿಯೊಡನೆಯೇ ಅದು ದೊರೆತದ್ದರಿಂದ, ಯೂನಿಕೋಡ್ ಕನ್ನಡವನ್ನು ಓದಲು ಬೇರೆ ಫಾಂಟ್ ಹುಡುಕಿ ತರುವ ಅಗತ್ಯ ತಪ್ಪಿತು.