‘ವೆಂಚ್’ ಅನ್ನೋ ಪದ ಮತ್ತು ನಮ್ಮವ್ವ



ಮೊನ್ನೆ ಮಗಳು ಯಾವುದೋ ಹಳೇ ಕಾಲದ ಇಂಗ್ಲಿಷ್ ಸಿನಿಮಾ ನೋಡ್ತಾ, "ಅಪ್ಪಾ, ವೆಂಚ್ ಅಂದ್ರೇನು?" ಅಂದ್ಲು. "ಹುಡುಗಿ ಅನ್ನೋಕೆ ಹಳೇ ಪದ ಕಣವ್ವ" ಅಂದು ಸುಮ್ಮನಾದೆ. ಬಿಎನಲ್ಲಿ ಮೇಷ್ಟ್ರು ನಮಗೆ ಹೇಳಿದ್ದೂ ಅಷ್ಟೇ. ಆಮೇಲೆ ಮನಸ್ಸು ತಡೀಲಿಲ್ಲ, ಎರಡು ರಾತ್ರಿ ಕೂತು ಹುಡುಕಿದೆ.

ಇದರ ಬೇರು ಹಳೆಯ ಇಂಗ್ಲಿಷಿನ ‘ವೆಂಚೆಲ್’. ಅರ್ಥ, ಮಗು. ಗಂಡಾಗಲಿ ಹೆಣ್ಣಾಗಲಿ, ಬರೀ ಮಗು. 13ನೇ ಶತಮಾನದ ಹೊತ್ತಿಗೆ ಬಾಲ ಉದುರಿ ‘ವೆಂಚ್’ ಆಗಿ ಹುಡುಗಿಗೆ ನಿಂತಿತು. ಎಲ್ಲಾ ಕಡೆ ಬೈಗುಳವೇನಲ್ಲ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ದಾವೀದನ ಕಡೆಯವರಿಗೆ ಸುದ್ದಿ ಮುಟ್ಟಿಸೋ ಹುಡುಗಿಗೂ ಇದೇ ಪದ.

ಆದರೆ ಅದಕ್ಕೂ ಮೊದಲೇ ಪದ ಬಡವರ ಮನೆ ಸೇರಿಯಾಗಿತ್ತು. ಮನೆಗೆಲಸದವಳು ವೆಂಚ್, ನಡತೆ ಸರಿಯಿಲ್ಲ ಅಂತ ಜರೆಯೋದಾದ್ರೂ ವೆಂಚ್. 1400ರಲ್ಲಿ ತೀರಿಕೊಂಡ ಚಾಸರ್ ಕವಿ ಇದನ್ನ ಸರಿಯಾಗಿ ಹಿಡಿದಿದ್ದಾನೆ. ಅವನ ಕ್ಯಾಂಟರ್‌ಬರಿ ಕಥೆಗಳಲ್ಲಿ ಒಬ್ಬ ಹೇಳೋದು ಇಷ್ಟು: ದೊಡ್ಡ ಮನೆತನದ ಹೆಂಗಸು ಹಾದಿ ತಪ್ಪಿದರೆ ಅವಳನ್ನ ‘ಲೇಡಿ’ ಅಂತಾರೆ, ಬಡವಿ ಅದನ್ನೇ ಮಾಡಿದರೆ ‘ವೆಂಚ್’ ಅಂತಾರೆ, ಮಾಡಿದ್ದು ಮಾತ್ರ ಇಬ್ಬರೂ ಒಂದೇ. ಆರುನೂರು ವರ್ಷದ ಹಿಂದೆ! ಇನ್ನೊಂದು ಕಥೆಯಲ್ಲಿ ಗಂಡನಿಗೆ ಮೋಸ ಮಾಡೋಕೆ ಹೊರಟವಳೇ, ತಾನು ಕುಲಸ್ಥೆ, ವೆಂಚ್ ಅಲ್ಲ ಅಂತ ಅವನೆದುರು ಕಣ್ಣೀರು ಹಾಕ್ತಾಳೆ.

ಪದ ಹಡಗು ಹತ್ತಿ ಅಮೆರಿಕಕ್ಕೆ ಹೋದ ಮೇಲಿನ ಕಥೆಯೇ ಬೇರೆ. ಅಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಬರ್ತಿತ್ತು: ನೀಗ್ರೋ ವೆಂಚ್ ಮಾರಾಟಕ್ಕಿದ್ದಾಳೆ, ನೀಗ್ರೋ ವೆಂಚ್ ಓಡಿಹೋಗಿದ್ದಾಳೆ, ಹಿಡಿದುಕೊಟ್ಟವರಿಗೆ ಬಹುಮಾನ. ವಯಸ್ಸು ಹದಿನೆಂಟಾಗಲಿ ನಲವತ್ತಾಗಲಿ, ಅದೇ ಪದ. 1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು. ತಾಯಿ ಗುಲಾಮಳಾದರೆ ಹುಟ್ಟೋ ಮಗುವೂ ಗುಲಾಮ, ಅಪ್ಪ ಬಿಳಿಯನಾದರೂ ಅಷ್ಟೇ. ಅಂದ್ರೆ ಒಂದು ಕಾಲಕ್ಕೆ ಮಗು ಅಂತ ಅರ್ಥವಿದ್ದ ಪದ, ಹೆತ್ತ ಮಗು ತನ್ನದಾಗದ ಹೆಂಗಸಿನ ಹೆಸರಾಯ್ತು. ಇದನ್ನ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜ್ಯೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನ, ಗುಲಾಮರ ಬಿಡುಗಡೆಗೆ ನಿಂತ ಅಮೆರಿಕದ ಜನರಿಗೆ ಅರ್ಪಿಸಿದ್ದು ಸುಮ್ಮನೆ ಅಲ್ಲ. ಬಾಬಾಸಾಹೇಬರು 1946ರಲ್ಲಿ ಕಪ್ಪು ಜನರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದದ್ದೂ ಸುಮ್ಮನೆ ಅಲ್ಲ.

ನಮ್ಮೂರಲ್ಲಿ ಮೇಲ್ಗೇರಿಯ ಹತ್ತು ವರ್ಷದ ಹುಡುಗ ನಮ್ಮವ್ವನಿಗೆ "ಬಾರೇ, ಹೋಗೇ" ಅಂತಿದ್ದ. ಅವ್ವ ಅವನಿಗೆ "ಬುದ್ಧಿ" ಅನ್ನೋಳು. ಅವನ ತಾಯಿ "ಅಮ್ಮೋರು". ನಮ್ಮವ್ವನಿಗೆ ಆ ಮನೆಯಲ್ಲಿ ಹೆಸರೇ ಇರಲಿಲ್ಲ, "ಹೆಣ್ಣಾಳು" ಅಷ್ಟೇ. ಕೂಲಿ ಲೆಕ್ಕದ ಪುಸ್ತಕದಲ್ಲೂ ಹಂಗೇ ಬರೀತಿದ್ರು, ನಾನೇ ಕಣ್ಣಾರೆ ನೋಡಿದೀನಿ.

ಹೋದ ವರ್ಷ ಅವ್ವನ ಪೆನ್ಷನ್ ಅರ್ಜಿ ನಾನೇ ತುಂಬಿದೆ. ಹೆಸರಿನ ಮುಂದೆ ‘ಶ್ರೀಮತಿ’ ಸೇರಿಸಿ, ಸರಿ ಇದೆಯಾ ಅಂತ ಗಟ್ಟಿಯಾಗಿ ಓದಿ ಹೇಳಿದೆ.

"ಅದ್ಯಾರ್ಲಾ?" ಅಂದ್ಲು.