ಅಲ್ಟ್ರಾಸೌಂಡ್ ಪ್ರೋಬ್‌ನ ಮ್ಯಾಚಿಂಗ್ ಪದರ: ಮೂರು ಸೂತ್ರ, ಮೂರು ಅಂಕಿ

1. ವ್ಯಾಪ್ತಿ

ವೈದ್ಯಕೀಯ ಅಲ್ಟ್ರಾಸೌಂಡ್ ಪ್ರೋಬ್‌ನಲ್ಲಿ ಸೆರಾಮಿಕ್‌ಗೂ ಹೊರಗಿನ ಸಿಲಿಕೋನ್ ಲೆನ್ಸ್‌ಗೂ ನಡುವೆ, ಸುಮಾರು ಕಾಲು ತರಂಗಾಂತರ ದಪ್ಪದ ಒಂದು ಅಥವಾ ಎರಡು ಪದರಗಳಿರುತ್ತವೆ. ಇವಕ್ಕೆ ಮ್ಯಾಚಿಂಗ್ ಪದರ ಎಂದು ಹೆಸರು. ಈ ಪದರದ ಧ್ವನಿ ಇಂಪೀಡೆನ್ಸ್ ಎಷ್ಟಿರಬೇಕು ಎಂಬ ಪ್ರಶ್ನೆಗೆ ಪ್ರಕಟಿತ ಬರಹಗಳಲ್ಲಿ ಕನಿಷ್ಠ ಮೂರು ಉತ್ತರಗಳು ಸಿಗುತ್ತವೆ. ಸೆರಾಮಿಕ್ ಅದೇ, ಅಂಗಾಂಶ ಅದೇ; ಆದರೂ ಒಂದು ಸೂತ್ರ 7.0 ಎನ್ನುತ್ತದೆ, ಇನ್ನೊಂದು 5.3, ಮತ್ತೊಂದು 4.2 ಮೆಗಾರೇಲ್. ಈ ಅಂತರ ಎಲ್ಲಿಂದ ಹುಟ್ಟಿತು, ಪದರ ತಯಾರಿಸುವಾಗ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ಬೀಮ್ ರಚನೆ, ಬ್ಯಾಕಿಂಗ್‌ನ (ಸೆರಾಮಿಕ್‌ನ ಹಿಂಬದಿಯ ಪದರದ) ವಿವರ ಹಾಗೂ ಕೇಬಲ್ ಇಲ್ಲಿಲ್ಲ.

ಕೆಳಗಿನ ಲೆಕ್ಕಗಳಲ್ಲಿ, ಬೇರೆ ಹೇಳದಿದ್ದರೆ, ಪಿಜೆಡ್‌ಟಿ ಸೆರಾಮಿಕ್‌ನ ಇಂಪೀಡೆನ್ಸ್ 33 ಮೆಗಾರೇಲ್, ಅಂಗಾಂಶದ್ದು 1.5 ಮೆಗಾರೇಲ್ ಎಂದು ಹಿಡಿದಿದೆ. ಎರಡೂ ಅಂದಾಜುಗಳೇ. ಅವುಗಳ ಅನಿಶ್ಚಿತತೆಯನ್ನು 5ನೇ ಭಾಗದಲ್ಲಿ ಪರಿಶೀಲಿಸಿದೆ.

2. ಸೂತ್ರಗಳು ಮತ್ತು ಅವುಗಳ ಕಾಲ

ಪದರವೇ ಇಲ್ಲದಿದ್ದರೆ ಸೆರಾಮಿಕ್‌ನಿಂದ ಅಂಗಾಂಶಕ್ಕೆ ದಾಟುವ ಶಕ್ತಿ ಸುಮಾರು 17%. ಉಳಿದದ್ದು ಹಿಂದಿರುಗುತ್ತದೆ. ಇದು ಎರಡು ಅರೆ-ಅನಂತ ಮಾಧ್ಯಮಗಳ ಸಂಧಿಯ ಲೆಕ್ಕ. ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ.

(ಅ) ವರ್ಗಮೂಲ ಸೂತ್ರ. ಸೆರಾಮಿಕ್ ಮತ್ತು ಅಂಗಾಂಶ ಎರಡರ ಇಂಪೀಡೆನ್ಸ್‌ಗಳ ಗುಣಲಬ್ಧದ ವರ್ಗಮೂಲ: 7.04 ಮೆಗಾರೇಲ್. ಮಸೂರಗಳ ಪ್ರತಿಫಲನ ತಡೆಯುವ ಲೇಪಕ್ಕೂ ವಿದ್ಯುತ್ ಪ್ರಸರಣ ಮಾರ್ಗಗಳಿಗೂ ಬಳಸುವ ಸೂತ್ರವೇ ಇದು. ಅಲ್ಟ್ರಾಸೌಂಡ್‌ಗೆ ಇದನ್ನು ಮೊದಲು ತಂದವರು ಇಂಥವರೇ ಎಂದು ಒಬ್ಬರ ಹೆಸರು ಹೇಳುವುದು ಸರಿಯಾಗಲಾರದು. ಬ್ಯಾಕಿಂಗ್ ಮತ್ತು ಮ್ಯಾಚಿಂಗ್‌ಗಳ ಪರಿಣಾಮವನ್ನು ಒಟ್ಟಿಗೆ ಚರ್ಚಿಸಿದ ಆರಂಭದ ಮುಖ್ಯ ಲೇಖನ ಜಾರ್ಜ್ ಕೊಸೊಫ್ ಅವರದು, 1966ರಲ್ಲಿ ಪ್ರಕಟವಾದದ್ದು.

(ಆ) ಘನಮೂಲ ಸೂತ್ರ. ಸ್ಟ್ಯಾನ್‌ಫರ್ಡ್‌ನ ಡೆಸಿಲೆಟ್ಸ್, ಫ್ರೇಸರ್ ಮತ್ತು ಕೈನೊ 1978ರಲ್ಲಿ ಪ್ರಕಟಿಸಿದ್ದು. ಸೆರಾಮಿಕ್‌ನ ಇಂಪೀಡೆನ್ಸ್‌ಗೆ 1/3 ಘಾತ, ಅಂಗಾಂಶದ ಇಂಪೀಡೆನ್ಸ್‌ಗೆ 2/3 ಘಾತ. ಉತ್ತರ 4.20. ಎರಡು ಪದರಗಳಾದರೆ ಸೆರಾಮಿಕ್ ಬದಿಯದಕ್ಕೆ ಘಾತಗಳು 4/7 ಮತ್ತು 3/7, ಚರ್ಮದ ಬದಿಯದಕ್ಕೆ 1/7 ಮತ್ತು 6/7. ಅಂಕಿಗಳು ಕ್ರಮವಾಗಿ 8.8 ಮತ್ತು 2.3.

(ಇ) 2ರ ಗುಣಕವಿರುವ ಸೂತ್ರ. ಸೂಕೆ ಮತ್ತು ಸಹಲೇಖಕರು, 1979. ಮೇಲಿನ ಘನಮೂಲದ ಒಳಗೆ 2 ಎಂಬ ಗುಣಕ ಸೇರುತ್ತದೆ, ಉತ್ತರ 5.30. ನಷ್ಟ ಕಡಿಮೆ ಇರಬೇಕು, ಬ್ಯಾಂಡ್ ಅಗಲವೂ ಇರಬೇಕು ಎಂಬ ಎರಡೂ ಗುರಿಗಳು ಆ ಲೇಖನದ ಶೀರ್ಷಿಕೆಯಲ್ಲೇ ಇವೆ.

ಕಾಲದ ಬಗ್ಗೆ ಎರಡು ಸಣ್ಣ ತಿದ್ದುಪಡಿಗಳು ಅಗತ್ಯ. ಈ ಲೆಕ್ಕಗಳಿಗೆಲ್ಲ ಹಿನ್ನೆಲೆಯಾಗಿರುವ ಮೇಸನ್ ಸಮಾನ ಸರ್ಕ್ಯೂಟ್‌ಗೆ ಕೆಲವರು 1942, ಕೆಲವರು 1948 ಎಂದು ವರ್ಷ ಕೊಡುತ್ತಾರೆ. ಇದು ಮೇಸನ್ ಅವರ ಒಂದೇ ಪುಸ್ತಕದ ಮೊದಲ ಮತ್ತು ಎರಡನೇ ಆವೃತ್ತಿಗಳ ವ್ಯತ್ಯಾಸ. ಕ್ರಿಮ್‌ಹೋಲ್ಟ್ಸ್, ಲೀಡಮ್, ಮಥಾಯಿ ಅವರ ಮಾದರಿಗೂ ಹಾಗೆಯೇ 1970, 1971 ಎಂಬ ಎರಡು ವರ್ಷಗಳು ಕಾಣುತ್ತವೆ. ಮೊದಲ ಕಿರುಲೇಖನ 1970ರದು. 1971ರದು ಅದೇ ಮೂವರು ಹೆಸರುಗಳ ಕ್ರಮ ಬದಲಿಸಿ ಬರೆದ ಮುಂದಿನ ಲೇಖನ. 1978ರ ಸೂತ್ರ ನಿಂತಿರುವುದು ಈ ಮೂವರ ಮಾದರಿಯ ಮೇಲೆ. ಆದ್ದರಿಂದ ವರ್ಷ ತಪ್ಪಿದರೆ ವಾದದ ಸರಣಿಯೂ ಮಸುಕಾಗುತ್ತದೆ.

3. ಅಂತರದ ಮೂಲ

ಮೂರನ್ನೂ ಒಂದೇ ಸರಳ ಪರೀಕ್ಷೆಗೆ ಒಡ್ಡಬಹುದು. ಸೆರಾಮಿಕ್ ಒಂದು ಬದಿಗೆ ಅನಂತವಾಗಿ ಚಾಚಿದೆ ಎಂದು ಭಾವಿಸಿ, ಪದರದ ಮೂಲಕ ದಾಟುವ ಶಕ್ತಿಯನ್ನು ಲೆಕ್ಕ ಹಾಕುವುದು. ಕೇಂದ್ರ ಆವೃತ್ತಿಯಲ್ಲಿ 7.04ರ ಪದರ 100% ದಾಟಿಸುತ್ತದೆ, 5.30ರದು 92%, 4.20ರದು 78%. ಕೇಂದ್ರದ 0.7 ಪಟ್ಟು ಆವೃತ್ತಿಯಲ್ಲಿ ಇವೇ ಕ್ರಮವಾಗಿ 49%, 48%, 44%.

ಈ ಫಲಿತಾಂಶವನ್ನು ಸ್ವಲ್ಪ ನಿಂತು ನೋಡಬೇಕು. ಘನಮೂಲ ಸೂತ್ರ ಕೇಂದ್ರದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಅಂಚುಗಳಲ್ಲಿ ಗಳಿಸುತ್ತದೆ ಎಂಬ ವಿವರಣೆ ಆಗಾಗ ಕಾಣಸಿಗುತ್ತದೆ. ಮೇಲಿನ ಮಾದರಿಯಲ್ಲಿ ಆ ಗಳಿಕೆ ಎಲ್ಲಿಯೂ ಇಲ್ಲ. ವರ್ಗಮೂಲದ ಪದರ ಅಂಚಿನಲ್ಲೂ ಮುಂದೆಯೇ ಇದೆ. ಇದು ಆಕಸ್ಮಿಕವಲ್ಲ. ದಾಟುವ ಶಕ್ತಿಯ ಸೂತ್ರದ ಛೇದದಲ್ಲಿ ಪದರದ ಇಂಪೀಡೆನ್ಸ್ ಒಂದೇ ಪದದಲ್ಲಿ ಬರುತ್ತದೆ, ಆ ಪದ ವರ್ಗಮೂಲದ ಬೆಲೆಯಲ್ಲೇ ಕನಿಷ್ಠವಾಗುತ್ತದೆ, ಯಾವ ಆವೃತ್ತಿಯಾದರೂ ಸರಿ. ಅಂದರೆ ಈ ಮಾದರಿಯೊಳಗೆ 1978ರ ಸೂತ್ರವನ್ನು ಸಮರ್ಥಿಸಿಕೊಳ್ಳಲು ಸಾಧ್ಯವೇ ಇಲ್ಲ.

ಸಮರ್ಥನೆ ಬರುವುದು ಮಾದರಿಯನ್ನು ಬದಲಿಸಿದಾಗ. ನಿಜವಾದ ಸೆರಾಮಿಕ್ ಅನಂತವಲ್ಲ; ಅರ್ಧ ತರಂಗಾಂತರ ದಪ್ಪದ ತಟ್ಟೆ, ತನ್ನದೇ ಅನುರಣನವುಳ್ಳದ್ದು. ಕ್ರಿಮ್‌ಹೋಲ್ಟ್ಸ್ ಮತ್ತಿತರರ ಮಾದರಿಯಲ್ಲಿ ವಿದ್ಯುತ್ ದ್ವಾರ ಈ ತಟ್ಟೆಯ ನಡುಸಮತಲದಲ್ಲಿ ಬಂದು ಸೇರುತ್ತದೆ. ಆಗ ತಟ್ಟೆಯ ಮುಂದಿನ ಅರ್ಧವೂ ಒಂದು ಕಾಲು ತರಂಗದ ಖಂಡವಾಗುತ್ತದೆ. ಮ್ಯಾಚಿಂಗ್ ಪದರ ಎರಡನೆಯ ಖಂಡ. ಎರಡು ಖಂಡಗಳ ದ್ವಿಪದ ಪರಿವರ್ತಕದಲ್ಲಿ ಇಂಪೀಡೆನ್ಸ್‌ನ ಲಘುಗಣಕ 1:2:1 ಅನುಪಾತದಲ್ಲಿ ಇಳಿಯಬೇಕು. ಮೊದಲ 1 ವಿದ್ಯುತ್ ದ್ವಾರದ ಬದಿಗೆ ಸೇರಿದ್ದು. ಸೆರಾಮಿಕ್‌ನಿಂದ ಅಂಗಾಂಶದವರೆಗೆ ಉಳಿಯುವುದು 2:1, ಅದರಿಂದಲೇ 1/3 ಮತ್ತು 2/3 ಘಾತಗಳು. ಎರಡು ಪದರಗಳಾದರೆ 1:3:3:1. ಮೊದಲನೆಯದನ್ನು ಬಿಟ್ಟರೆ 3:3:1, ಒಟ್ಟು 7. ಛೇದದಲ್ಲಿರುವ ಏಳಕ್ಕೆ ಕಾರಣ ಇಷ್ಟೇ.

ಹೀಗಾಗಿ ಮೂರು ಸೂತ್ರಗಳು ಒಂದೇ ಪ್ರಶ್ನೆಗೆ ಬಂದ ಮೂರು ಉತ್ತರಗಳಲ್ಲ. ಅನಂತ ಸೆರಾಮಿಕ್‌ನಿಂದ ಗರಿಷ್ಠ ದಾಟುವಿಕೆ ಹೇಗೆ ಎಂಬುದು ಮೊದಲನೆಯದರ ಪ್ರಶ್ನೆ. ಅನುರಣಿಸುವ ತಟ್ಟೆಯ ಶಿಖರವನ್ನು ಸಮತಟ್ಟು ಮಾಡುವುದು ಹೇಗೆ ಎಂಬುದು ಎರಡನೆಯದರದು. ಮೂರನೆಯದು ಇವೆರಡರ ನಡುವಿನ ನೆಲೆ ಎನ್ನಬಹುದು. ಚಿತ್ರಣಕ್ಕೆ ಬೇಕಾದದ್ದು ಚಿಕ್ಕ ಪಲ್ಸ್, ಅಂದರೆ ಅಗಲವಾದ ಬ್ಯಾಂಡ್. ಆದ್ದರಿಂದ ಇಮೇಜಿಂಗ್ ಪ್ರೋಬ್‌ಗೆ ಎರಡನೆಯ ಪ್ರಶ್ನೆಯೇ ಹತ್ತಿರ ಎಂಬುದು ಈ ಟಿಪ್ಪಣಿಯ ನಿಲುವು. ಆದರೆ ದ್ವಿಪದ ವಾದ ಹಗುರವಾದ ಬ್ಯಾಕಿಂಗ್ ಇದೆ ಎಂದು ಭಾವಿಸುತ್ತದೆ. ಬ್ಯಾಕಿಂಗ್ ಭಾರವಾದಷ್ಟೂ ಅದರ ಅಧಿಕಾರ ಕುಗ್ಗುತ್ತದೆ.

4. ಪದರ ತಯಾರಾಗುವ ಬಗೆ

4.2 ಮೆಗಾರೇಲ್ ಇಂಪೀಡೆನ್ಸ್ ಇರುವ ಅನುಕೂಲಕರ ವಸ್ತು ಸಿದ್ಧವಾಗಿ ಸಿಗುವುದು ಕಷ್ಟ. ಶುದ್ಧ ಎಪಾಕ್ಸಿ 3ರ ಆಸುಪಾಸಿನಲ್ಲಿದೆ, ಗಾಜು 13ರ ಹತ್ತಿರ. ಆದ್ದರಿಂದ ಎಪಾಕ್ಸಿಗೆ ಅಲ್ಯುಮಿನಾ ಅಥವಾ ಟಂಗ್‌ಸ್ಟನ್ ಪುಡಿ ಬೆರೆಸುತ್ತಾರೆ. ಕಲಸುವಾಗ ಸೇರಿಕೊಂಡ ಗಾಳಿಗುಳ್ಳೆಗಳನ್ನು ನಿರ್ವಾತದಲ್ಲಿ ತೆಗೆಯಬೇಕು. ಉಳಿದ ಒಂದೊಂದು ಗುಳ್ಳೆಯೂ ಧ್ವನಿಯನ್ನು ಚದುರಿಸುತ್ತದೆ. ಟಂಗ್‌ಸ್ಟನ್ ಭಾರವಾದ್ದರಿಂದ ಎಪಾಕ್ಸಿ ಗಟ್ಟಿಯಾಗುವ ಮೊದಲೇ ತಳಕ್ಕಿಳಿಯುತ್ತದೆ. ಕೆಲವು ವಿಧಾನಗಳಲ್ಲಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಬೇಕೆಂದೇ ಇಳಿಸುತ್ತಾರೆ. ಗಟ್ಟಿಯಾದ ಮೇಲೆ ಬೇಕಾದ ದಪ್ಪಕ್ಕೆ ಉಜ್ಜಿ ತೆಗೆಯುವುದು.

ಇಲ್ಲಿ ಸೂತ್ರಗಳು ಹೇಳದ ಒಂದು ಸಂಗತಿ ಇದೆ. ಇಂಪೀಡೆನ್ಸ್ ಎಂದರೆ ಸಾಂದ್ರತೆ ಮತ್ತು ವೇಗಗಳ ಗುಣಲಬ್ಧ. ಒಂದೇ ಗುಣಲಬ್ಧಕ್ಕೆ ಎರಡು ದಾರಿಗಳಿವೆ. ಟಂಗ್‌ಸ್ಟನ್ ಸ್ವಲ್ಪ ಪ್ರಮಾಣದಲ್ಲಿ ಸೇರಿದಾಗ ಸಾಂದ್ರತೆ ಏರಿದಷ್ಟು ಬಿಗಿತ ಏರುವುದಿಲ್ಲ, ಹಾಗಾಗಿ ವೇಗ ಇಳಿಯುತ್ತದೆ. ಅಲ್ಯುಮಿನಾದಲ್ಲಿ ಹಾಗಾಗುವುದಿಲ್ಲ. ಉದಾಹರಣೆಗೆ, ಘನ ಮೀಟರಿಗೆ 2600 ಕಿಲೋಗ್ರಾಂ ಸಾಂದ್ರತೆ, ಸೆಕೆಂಡಿಗೆ 1600 ಮೀಟರ್ ವೇಗ ಇದ್ದರೂ ಸುಮಾರು 4.2; 1550 ಕಿಲೋಗ್ರಾಂ, 2700 ಮೀಟರ್ ಇದ್ದರೂ ಸುಮಾರು 4.2. ಆದರೆ 5 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗದ ದಪ್ಪ ಮೊದಲನೆಯದಕ್ಕೆ 80 ಮೈಕ್ರೊಮೀಟರ್, ಎರಡನೆಯದಕ್ಕೆ 135. ಉಜ್ಜುವಾಗ 5 ಮೈಕ್ರೊಮೀಟರ್ ಹೆಚ್ಚುಕಡಿಮೆಯಾದರೆ ಮೊದಲ ಪದರದಲ್ಲಿ ಅದು 6%ಕ್ಕೂ ಹೆಚ್ಚು, ಎರಡನೆಯದರಲ್ಲಿ 4%ಕ್ಕಿಂತ ಕಡಿಮೆ. ಇಂಪೀಡೆನ್ಸ್ ಒಂದನ್ನೇ ವರದಿ ಮಾಡಿ ವೇಗ ಬಿಟ್ಟರೆ ಈ ವ್ಯತ್ಯಾಸ ಓದುಗನಿಗೆ ಕಾಣುವುದೇ ಇಲ್ಲ. ಅಂಟಿನ ಪದರಕ್ಕೂ ಇದೇ ಮಾತು: ಅದು ಕೆಲವೇ ಮೈಕ್ರೊಮೀಟರ್ ಇರಬೇಕು, ಇಲ್ಲದಿದ್ದರೆ ಲೆಕ್ಕದಲ್ಲಿ ಇಲ್ಲದ ಇನ್ನೊಂದು ಪದರವೇ ಸೇರಿದಂತೆ.

ಎರಡು ಪದರಗಳ ವಿನ್ಯಾಸದಲ್ಲಿ ಹೊರಪದರಕ್ಕೆ ಬೇಕಾದ 2.3, ಶುದ್ಧ ಎಪಾಕ್ಸಿಗಿಂತಲೂ ಕೆಳಗಿದೆ. ಅಲ್ಲಿ ಪುಡಿ ಬೆರೆಸಿ ಪ್ರಯೋಜನವಿಲ್ಲ, ಪಾಲಿಯುರೆಥೇನ್‌ನಂಥ ಮೆದು ಪಾಲಿಮರ್ ಬೇಕಾಗುತ್ತದೆ.

5. 33 ಮತ್ತು 1.5: ಆಧಾರದ ಅಂಕಿಗಳೇ ಎಷ್ಟು ಗಟ್ಟಿ?

5.1. ಅರೇ ಪ್ರೋಬ್‌ಗಳಲ್ಲಿ ಸೆರಾಮಿಕ್ ಇಡೀ ತಟ್ಟೆಯಾಗಿ ಉಳಿಯುವುದಿಲ್ಲ. ವಜ್ರದ ಅಲಗಿನ ಗರಗಸದಿಂದ ಅದನ್ನು ಸಣ್ಣ ಕಡ್ಡಿಗಳಾಗಿ ಸೀಳುತ್ತಾರೆ. 2.5 ಮೆಗಾಹರ್ಟ್ಸ್‌ನ ಫೇಸ್ಡ್ ಅರೇಯಲ್ಲಿ ಅಂಗಾಂಶದ ಅರ್ಧ ತರಂಗಾಂತರ ಸುಮಾರು 0.31 ಮಿಲಿಮೀಟರ್, ಕಡ್ಡಿಗಳ ನಡುವಿನ ಅಂತರವನ್ನು ಅದರೊಳಗೆ ಇಡುವುದು ವಾಡಿಕೆ. ಇಷ್ಟು ಕಿರಿದಾದ ಕಡ್ಡಿ ಪಕ್ಕಕ್ಕೆ ಉಬ್ಬಲು ಸ್ವತಂತ್ರ; ಅದರೊಳಗಿನ ವೇಗ ತಟ್ಟೆಯ ವೇಗಕ್ಕಿಂತ ಕಡಿಮೆ. ಇಂಪೀಡೆನ್ಸ್ 33ರಿಂದ 29ಕ್ಕೆ ಇಳಿಯಿತು ಎಂದುಕೊಂಡರೆ ವರ್ಗಮೂಲ ಸೂತ್ರದ ಉತ್ತರ 7.04ರಿಂದ 6.60ಕ್ಕೆ, ಘನಮೂಲದ್ದು 4.20ರಿಂದ 4.03ಕ್ಕೆ ಬರುತ್ತದೆ.

5.2. ಅಂಗಾಂಶದ ಇಂಪೀಡೆನ್ಸ್ ಅನ್ನು ಕೆಲವರು 1.5, ಕೆಲವರು 1.63 ಎಂದು ಕೊಡುತ್ತಾರೆ. 1.63 ಹಿಡಿದರೆ ಘನಮೂಲದ ಉತ್ತರ 4.44. ಸೆರಾಮಿಕ್‌ನ 12% ಬದಲಾವಣೆಗಿಂತ ಅಂಗಾಂಶದ 9% ಬದಲಾವಣೆ ಹೆಚ್ಚು ಪರಿಣಾಮ ಮಾಡಿದ್ದನ್ನು ಗಮನಿಸಬೇಕು; 2/3 ಘಾತದ ಫಲ ಇದು. ಅದೂ ಅಲ್ಲದೆ ಪದರಕ್ಕೆ ತಗುಲಿರುವುದು ನೇರವಾಗಿ ಅಂಗಾಂಶವಲ್ಲ, ಸಿಲಿಕೋನ್ ಲೆನ್ಸ್.

5.3. ಹಲವು ವಿನ್ಯಾಸಗಳಲ್ಲಿ ಗರಗಸ ಮ್ಯಾಚಿಂಗ್ ಪದರವನ್ನೂ ಸೀಳಿಕೊಂಡು ಹೋಗುತ್ತದೆ. ಆಗ ಪದರದ ವೇಗವೂ ಇಂಪೀಡೆನ್ಸ್‌ ಕೂಡ ಇಡಿಯಾಗಿದ್ದಾಗ ಅಳೆದ ಬೆಲೆಯಿಂದ ಕೆಳಗಿಳಿಯುತ್ತವೆ.

ಆದರೂ 33 ಮತ್ತು 1.5ರ ಅನಿಶ್ಚಿತತೆಯಿಂದ ಉತ್ತರದಲ್ಲಿ ಬರುವ ಬದಲಾವಣೆ ತಲಾ 4ರಿಂದ 6%. ಸೂತ್ರ (ಅ) ಮತ್ತು (ಆ)ಗಳ ನಡುವಿನ ಅಂತರ 67%. ಸೂತ್ರಗಳ ಭಿನ್ನತೆಗೆ ವಸ್ತುವಿನ ಅನಿಶ್ಚಿತತೆಯೇ ಕಾರಣ ಎನ್ನಲು ಬರುವುದಿಲ್ಲ.

6. ಕಾಂಪೊಸಿಟ್ ಬಂದ ಮೇಲೆ

ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ನ್ಯೂನ್‌ಹ್ಯಾಮ್, ಸ್ಕಿನ್ನರ್ ಮತ್ತು ಕ್ರಾಸ್ ಕಾಂಪೊಸಿಟ್‌ಗಳ ಸಂಪರ್ಕ ರಚನೆಯನ್ನು ವರ್ಗೀಕರಿಸಿದ್ದೂ 1978ರಲ್ಲೇ. ಪಾಲಿಮರ್ ನಡುವೆ ಸೆರಾಮಿಕ್ ಕಂಬಗಳು ನಿಂತಿರುವ 1-3 ರಚನೆಯ ಇಂಪೀಡೆನ್ಸ್ ಸೆರಾಮಿಕ್‌ನ ಪಾಲನ್ನು ಅವಲಂಬಿಸಿದೆ. 15 ಮೆಗಾರೇಲ್ ಎಂದು ತೆಗೆದುಕೊಂಡರೆ ಪದರವಿಲ್ಲದೆಯೇ ದಾಟುವ ಶಕ್ತಿ 33%. ಸೂತ್ರಗಳ ಉತ್ತರಗಳು 4.74, 4.07, 3.23, ತುದಿಗಳ ಅಂತರ 47%ಕ್ಕೆ ಇಳಿದಿದೆ. ತುದಿಯ ಉತ್ತರಗಳ ಅನುಪಾತ ಎರಡು ಇಂಪೀಡೆನ್ಸ್‌ಗಳ ಅನುಪಾತದ ಆರನೇ ಮೂಲದಂತೆ ಬದಲಾಗುತ್ತದೆ, ಹಾಗಾಗಿ ಅಂತರ ಪೂರ್ತಿ ಅಳಿಯುವುದಿಲ್ಲ. ಗಮನಾರ್ಹವಾದದ್ದೆಂದರೆ 3.23 ಶುದ್ಧ ಎಪಾಕ್ಸಿಗೆ ತೀರ ಹತ್ತಿರ. ಒಂದೇ ಪದರ ಸಾಕೆನ್ನುವ ಕಾಂಪೊಸಿಟ್ ಪ್ರೋಬ್‌ನಲ್ಲಿ 4ನೇ ಭಾಗದ ಪುಡಿ ಬೆರೆಸುವ ತೊಡಕು ಬಹುಮಟ್ಟಿಗೆ ಕಳೆಯುತ್ತದೆ.

1994ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲೇ ಹ್ಯಾಲರ್ ಮತ್ತು ಖುರಿ-ಯಾಕುಬ್ ವಿವರಿಸಿದ ತೆಳು ಪೊರೆಯ ಕೆಪಾಸಿಟಿವ್ ಸಾಧನಗಳಲ್ಲಿ ಪೊರೆಯ ಇಂಪೀಡೆನ್ಸೇ ತೀರ ಕಡಿಮೆ. ಅಲ್ಲಿ ಮ್ಯಾಚಿಂಗ್ ಪದರದ ಪ್ರಶ್ನೆ ಏಳುವುದಿಲ್ಲ.

7. ಕೋರಿಕೆ

ಪ್ರೋಬ್ ವಿನ್ಯಾಸದ ವರದಿಗಳಲ್ಲಿ "ಮ್ಯಾಚಿಂಗ್ ಪದರ 4.2 ಮೆಗಾರೇಲ್" ಎಂದಷ್ಟೇ ಬರೆದರೆ ಮತ್ತೊಬ್ಬರು ಅದನ್ನು ಪರಿಶೀಲಿಸಲಾರರು. ಯಾವ ಸೂತ್ರದಿಂದ ಆ ಅಂಕಿ ಬಂತು, ಸೆರಾಮಿಕ್‌ನ ಇಂಪೀಡೆನ್ಸ್ ತಟ್ಟೆಯದೋ ಕಡ್ಡಿಯದೋ, ಪದರದ ವೇಗ ಸೀಳುವ ಮೊದಲು ಅಳೆದದ್ದೋ ಆಮೇಲೋ, ಈ ಮೂರನ್ನೂ ಅಂಕಿಯ ಜೊತೆಗೇ ಕೊಡಬೇಕೆಂದು ಈ ಕ್ಷೇತ್ರದಲ್ಲಿ ಬರೆಯುವವರಲ್ಲಿ ವಿನಂತಿ.