ತಿರುಪಿನ ಹಿಡಿತ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಕಬ್ಬಿನ ಸೀಮೆಯ ಊರು. ಆ ಕಡೆ ಆಲೆಮನೆಯ ಮಾತು ಬಂದರೆ ಕೊಪ್ಪರಿಗೆಯ ವಿಚಾರ ಬರುತ್ತದೆ, ಪಾಕದ ಹದದ ವಿಚಾರ ಬರುತ್ತದೆ. ಕಬ್ಬು ಹಿಂಡುವ ಆಲೆಯ ಮೈಗೆ ಬಿಗಿದ ಬೋಲ್ಟುಗಳ ವಿಚಾರ ಬರುವುದು ಅವು ಕೈಕೊಟ್ಟ ದಿನ ಮಾತ್ರ. ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ. ದಿನ ಕಳೆದಂತೆ ಅದರ ಸಕ್ಕರೆ ಕುಗ್ಗುತ್ತದೆ, ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಆದುದರಿಂದ ಒಂದು ಬೋಲ್ಟು ಎಷ್ಟು ಆಳ ಒಳಹೊಕ್ಕಿರಬೇಕು ಎಂಬ ಪ್ರಶ್ನೆ ಕಾರ್ಖಾನೆಯವರದು ಮಾತ್ರವಲ್ಲ, ಒಕ್ಕಲಿಗನ ವರ್ಷದ ದುಡಿಮೆಗೂ ಸಂಬಂಧಿಸಿದ್ದು. ಅದಕ್ಕೊಂದು ಚರಿತ್ರೆಯೂ ಉಂಟು.

ತಿರುಪು ನಮ್ಮ ದೇಶಕ್ಕೆ ಹೊಸದಲ್ಲ. ಹಳೆಯ ಮರದ ಗಾಣದಲ್ಲಿ ನಿಂತ ಉರುಳೆಗಳ ತಲೆಯ ಮೇಲೆ ಸುರುಳಿಯಾಗಿ ಹಲ್ಲು ಕೆತ್ತಿರುತ್ತಿದ್ದರು. ಎತ್ತು ಒಂದು ಉರುಳೆಯನ್ನು ತಿರುಗಿಸಿದರೆ ಅದು ಪಕ್ಕದ್ದನ್ನು ತಿರುಗಿಸುತ್ತಿತ್ತು. ಹತ್ತಿ ಬಿಡಿಸುವ ರಾಟೆಯಲ್ಲಿಯೂ ಇದೇ ಉಪಾಯ. ಆದರೆ ಅಲ್ಲೆಲ್ಲ ತಿರುಪಿನ ಕೆಲಸ ಚಲನೆಯನ್ನು ದಾಟಿಸುವುದು. ಎರಡು ವಸ್ತುಗಳನ್ನು ಬಿಗಿಹಿಡಿಯುವುದಲ್ಲ. ಹಿಡಿಯುವುದಕ್ಕೆ ಬೆಣೆಯಿತ್ತು, ಗೂಟವಿತ್ತು, ಹಗ್ಗವಿತ್ತು. 17ನೆಯ ಶತಮಾನದ ಭಾರತದಲ್ಲಿ ಮೊಳೆಯ ಮೈಯಲ್ಲಿ ಸುತ್ತುಗಳನ್ನು ಕೊರೆಯುವ ಬದಲು ಅದಕ್ಕೆ ತಂತಿ ಸುತ್ತಿ ಬೆಸುಗೆ ಹಾಕಿ ತಿರುಪು ಮಾಡುತ್ತಿದ್ದುದನ್ನು ಇತಿಹಾಸಕಾರ ಇರ್ಫಾನ್ ಹಬೀಬ್ ಗುರುತಿಸಿದ್ದಾರೆ. ಜಾಣತನದ ಕೆಲಸವೇನೋ ಹೌದು. ಆದರೆ ಆ ತಿರುಪಿನ ಬಲ ಬೆಸುಗೆಯ ಬಲವನ್ನು ಮೀರಲಾರದು.

1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬವರು ಎತ್ತಿನಿಂದ ತಿರುಗುವ ಕಬ್ಬಿಣದ ಗಾಣವನ್ನು ರೂಪಿಸಿದರು. ಇಂಥ ಗಾಣಗಳು ದೇಶದ ಉದ್ದಗಲಕ್ಕೂ ಹರಡಿ ಮರದ ಗಾಣಗಳನ್ನು ಮೂಲೆಗೆ ಸರಿಸಿದವು. ಉರುಳೆಗಳ ನಡುವೆ ಕಬ್ಬು ಸಿಕ್ಕಾಗ ಅವು ಒಂದನ್ನೊಂದು ದೂರ ತಳ್ಳುತ್ತವೆ. ಆ ತಳ್ಳಾಟವನ್ನು ಹಿಂದೆ ಮರದ ಚೌಕಟ್ಟೂ ಬೆಣೆಗಳೂ ತಾಳಿಕೊಳ್ಳುತ್ತಿದ್ದವು. ಈಗ ಎರಕದ ಕಬ್ಬಿಣದ ಚೌಕಟ್ಟಿನೊಳಗೆ ಕುಳಿತ ಬೋಲ್ಟಿನ ಸುತ್ತುಗಳು ತಾಳಬೇಕಾಯಿತು.

ಎಷ್ಟು ಸುತ್ತು ಸಾಕು? 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪಿನ ಸುತ್ತುಗಳಿಗೆ 55 ಡಿಗ್ರಿಯ ಕೋನವನ್ನೂ ಅಂಗುಲಕ್ಕೆ ಇಷ್ಟೆಂಬ ಲೆಕ್ಕವನ್ನೂ ಗೊತ್ತುಮಾಡಿದ. ಬೋಲ್ಟಿನ ದಪ್ಪ ಎಷ್ಟೋ ನಟ್ಟಿನ ಎತ್ತರವೂ ಅಷ್ಟೇ ಎಂಬ ರೂಢಿ ಅಂದಿನ ಕಾರ್ಖಾನೆಗಳದು. ಅದು ಗಣಿತದಿಂದ ಹುಟ್ಟಿದ್ದಲ್ಲ, ಕೈಯ ಅನುಭವದಿಂದ ಹುಟ್ಟಿದ್ದು. ಗಣಿತ ಆಮೇಲೆ ಬಂದು ಹೌದೆಂದಿತು. ಬೋಲ್ಟನ್ನು ಎಳೆದರೆ ಎರಡರಲ್ಲೊಂದು ಆಗಬೇಕು: ಬೋಲ್ಟು ತುಂಡಾಗಬೇಕು, ಇಲ್ಲವೇ ಸುತ್ತುಗಳು ಕಿತ್ತುಬರಬೇಕು. ಹೊಕ್ಕ ಆಳ ಹೆಚ್ಚಿದಂತೆ ಸುತ್ತುಗಳ ಬಲ ಹೆಚ್ಚುತ್ತದೆ. ಬೋಲ್ಟಿನ ಬಲ ಇದ್ದಷ್ಟೇ ಇರುತ್ತದೆ. ಸುತ್ತುಗಳು ಬೋಲ್ಟಿಗಿಂತ ಗಟ್ಟಿಯಾಗುವ ಆಳವೇ ಬೇಕಾದ ಆಳ. ಉಕ್ಕಿನೊಳಗೆ ಉಕ್ಕಾದರೆ ಸುಮಾರು ಬೋಲ್ಟಿನ ದಪ್ಪದಷ್ಟು, ಎರಕದ ಕಬ್ಬಿಣವಾದರೆ ಅದರ ಒಂದೂವರೆಯಷ್ಟು, ಅಲ್ಯೂಮಿನಿಯಮ್ ಆದರೆ ಎರಡರಷ್ಟು.

ಬೋಲ್ಟೇ ತುಂಡಾಗಲಿ ಎಂದು ಬಯಸುವುದು ವಿಚಿತ್ರವಾಗಿ ಕಂಡೀತು. ತುಂಡಾದ ಬೋಲ್ಟು ಕಣ್ಣಿಗೆ ಕಾಣುತ್ತದೆ, ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ಸುತ್ತು ಕಿತ್ತುಹೋಗುವುದು ಒಳಗಿನ ಕತ್ತಲಲ್ಲಿ. ಹೊರಗೆ ಬೋಲ್ಟಿನ ತಲೆ ಮೊದಲಿನಂತೆಯೇ ಕುಳಿತಿರುತ್ತದೆ. ಕೆಟ್ಟದ್ದು ಆಲೆಯ ಚೌಕಟ್ಟು. ಉರುಳೆಯ ಬಾಯಿಗೆ ಕಬ್ಬು ಕೊಡುತ್ತಿರುವವನ ಕೈ ಎಲ್ಲಿರುತ್ತದೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಉದ್ದನೆಯ ಬೋಲ್ಟು ಹಾಕಿಬಿಟ್ಟರಾಯಿತಲ್ಲ ಎನ್ನಬಹುದು. ಸುತ್ತುಗಳು ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಡಿ. ಜಿ. ಸಾಪ್‌ವಿತ್ 1948ರಲ್ಲಿ ಈ ಹಂಚಿಕೆಯನ್ನು ಲೆಕ್ಕಹಾಕಿ ತೋರಿಸಿದರು. ಸಾಮಾನ್ಯ ನಟ್ಟಿನಲ್ಲಿ ಮೊದಲ ಸುತ್ತೊಂದೇ ಸುಮಾರು ಮೂರರಲ್ಲೊಂದು ಪಾಲು ಹೊರುತ್ತದೆ; ಕೂಡುಕುಟುಂಬದ ಹಿರಿಸೊಸೆಯ ಪಾಡು ಅದರದು. ಅಗತ್ಯ ಮೀರಿ ಒಳಹೊಕ್ಕ ಸುತ್ತುಗಳು ಹೆಸರಿಗಷ್ಟೇ ಇರುತ್ತವೆ.

ಈ ಸೀಮೆಗೆ ಇನ್ನೊಂದು ತೊಡಕೂ ಉಂಟು. ಇಲ್ಲಿಗೆ ಯಂತ್ರಗಳು ಒಂದೇ ದೇಶದಿಂದ ಬರಲಿಲ್ಲ. ಮಳವಳ್ಳಿಯಾಚೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಾಗ ಟರ್ಬೈನುಗಳು ಸ್ವಿಟ್ಜರ್ಲೆಂಡಿನವು, ವಿದ್ಯುಜ್ಜನಕಗಳು ಅಮೆರಿಕದವು. ಅಮೆರಿಕದಲ್ಲಿ 1864ರಿಂದ ವಿಲಿಯಂ ಸೆಲ್ಲರ್ಸನ 60 ಡಿಗ್ರಿಯ ಸುತ್ತು ಪ್ರಚಾರಕ್ಕೆ ಬಂದಿತ್ತು. ಯೂರೋಪಿನವರು 1898ರಲ್ಲಿ ಜ್ಯೂರಿಚ್ಚಿನಲ್ಲಿ ಸೇರಿ ಮಿಲಿಮೀಟರಿನ ಸುತ್ತನ್ನು ಒಪ್ಪಿದ್ದರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1956ರ ಕಾನೂನಿನಿಂದ ದೇಶವೇ ಮೆಟ್ರಿಕ್ ಅಳತೆಗೆ ತಿರುಗಿತು. ಹಳೆಯ ಬೋಲ್ಟುಗಳು ಮಾತ್ರ ಗುಜರಿಯಲ್ಲಿ, ಕಮ್ಮಾರನ ಡಬ್ಬಿಯಲ್ಲಿ ಒಟ್ಟಿಗೇ ಬದುಕಿದವು. ವಿಟ್‌ವರ್ತನ ಅರ್ಧ ಅಂಗುಲದ ಬೋಲ್ಟಿಗೆ ಅಂಗುಲಕ್ಕೆ 12 ಸುತ್ತು, ಸೆಲ್ಲರ್ಸನದಕ್ಕೆ 13. ಒಂದನ್ನು ಇನ್ನೊಂದರ ರಂಧ್ರಕ್ಕೆ ತಿರುವಿದರೆ ಕೆಲವು ಸುತ್ತು ಹೋಗಿ ಗಟ್ಟಿಯಾಗಿ ನಿಲ್ಲುತ್ತದೆ. ಸ್ಪ್ಯಾನರು ಹಿಡಿದ ಕೈಗೆ ಅದು ಬಿಗಿಯೆಂದೇ ತೋರುತ್ತದೆ! ಬಿಗಿ ಬೇರೆ, ಹಿಡಿತ ಬೇರೆ ಎಂಬುದು ನಮ್ಮ ರಿಪೇರಿಯವರಲ್ಲಿ ಅನೇಕರಿಗೆ ಇಂದಿಗೂ ಮನದಟ್ಟಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ತಳವಿರುವ ರಂಧ್ರದಲ್ಲಿಯೂ ಇಂಥದೇ ಮೋಸ ಉಂಟು. ಒಳಗೆ ಚೂರು ಸೇರಿದ್ದರೆ ಬೋಲ್ಟು ಅದಕ್ಕೆ ತಾಗಿ ನಿಲ್ಲುತ್ತದೆ. ಅಲ್ಲದೆ ಟ್ಯಾಪಿನ ತುದಿ ಚೂಪಾಗಿರುವುದರಿಂದ ತಳದ ಒಂದೆರಡು ಸುತ್ತು ಪೂರ್ತಿ ಮೂಡಿರುವುದಿಲ್ಲ. ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಇದನ್ನು ಪರೀಕ್ಷಿಸಲು ದೊಡ್ಡ ಉಪಕರಣವೇನೂ ಬೇಡ. ರಂಧ್ರವನ್ನು ಚೊಕ್ಕಟಮಾಡಿ ಒಂದು ಪೊರಕೆಕಡ್ಡಿಯನ್ನು ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತುಮಾಡಿ, ಬೋಲ್ಟಿನ ಪಕ್ಕದಲ್ಲಿ ಹಿಡಿದು ನೋಡಿದರೆ ಸಾಕು. ವಿಟ್‌ವರ್ತನ ಅರ್ಧ ಅಂಗುಲದ ಬೋಲ್ಟು ಎರಕದ ಮೈಗೆ ಹೋಗುವುದಾದರೆ ಮುಕ್ಕಾಲು ಅಂಗುಲ ಒಳಗಿರಬೇಕು, ಎಂದರೆ ಎಣಿಸಿ ಒಂಬತ್ತು ಪೂರ್ಣ ಸುತ್ತು.